ಬಯಲು ಸೀಮೆಯ ದ್ವೀಪಗಳು

ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಸದುರ್ಗಗಳ ಮಾರ್ಗವಾಗಿ ಹಿರಿಯೂರಿಗೆ ಸಾಗುವ ಪ್ರವಾಸಿಗನಿಗೆ, ಒಣಬಯಲಿನಲ್ಲಿ ತಲೆಯೆತ್ತಿ ನಿಂತ ಗುಡ್ಡಗಳು ಕಡಲ ನಡುವಣ ದ್ವೀಪಗಳಂತೆ ತೋರುವುವು. ಅವುಗಳಲ್ಲಿ ಹಲವದರ ಒಡಲಲ್ಲಿ ಕಬ್ಬಿಣದ ಅದಿರಿದೆ. ಬಿದ್ದ ಮಳೆಯನ್ನು ತಪ್ಪಲಿನ ಕೆರೆಗಳಿಗೆ ಇಳಿಸುವುವೂ ಆ ಗುಡ್ಡಗಳೇ. ಭೀಮಸಮುದ್ರದ ಸುತ್ತಿನ ಅಡಕೆ ಬೆಳೆಗಾರರು ಅದಿರು ಲಾರಿಗಳ ಕೆಂಧೂಳಿನಿಂದ ಕಂಗೆಟ್ಟುದುಂಟು. ಬಳ್ಳಾರಿಯಲ್ಲಂತೂ ಹಾವಳಿ ಇನ್ನೂ ದೊಡ್ಡದಾಗಿತ್ತು.

ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಜುಲೈಯಲ್ಲಿ ಬಳ್ಳಾರಿಯ, ಆಗಸ್ಟಿನಲ್ಲಿ ಚಿತ್ರದುರ್ಗ ಹಾಗೂ ತುಮಕೂರಿನ ಗಣಿಗಳು ನಿಂತವು. 2013ರ ಏಪ್ರಿಲ್ 18ರ ತೀರ್ಪು ಘೋರ ಅಕ್ರಮವೆಸಗಿದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವಕ್ಕೆ ಮಿತಿಯನ್ನು ವಿಧಿಸಿತು. ಆದರೆ 2022ರಲ್ಲಿ ಚಿತ್ರದುರ್ಗ, ತುಮಕೂರುಗಳ ಒಟ್ಟು ವಾರ್ಷಿಕ ಮಿತಿಯು 70 ಲಕ್ಷ ಟನ್ನಿನಿಂದ 150 ಲಕ್ಷ ಟನ್ನಿಗೇರಿತು. ಕಾವಲು ಮುಗಿದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಅಣೆಕಟ್ಟನ್ನು ನೋಡಿರಿ. ವೇದಾವತಿಯನ್ನು ತಡೆದು ನಿಲ್ಲಿಸಿದ ಆ ಕಲ್ಲುಗೋಡೆಗೆ ಇಬ್ಬದಿಯ ಬೆಟ್ಟಗಳೇ ಆಸರೆ. ಕಟ್ಟೆ ಒಡೆದರೆ ಮನುಷ್ಯನು ಮತ್ತೆ ಕಟ್ಟಿಯಾನು, ಬೆಟ್ಟವನ್ನು ಕಟ್ಟಲಾರನು.