ಒಂಬತ್ತು ಗೆಲುವಿನ ಮಾಗಿ

ಅಮೆರಿಕದ ಫಿಲಡೆಲ್ಫಿಯಾ ನಗರದ ನಟ್ಟನಡುವೆ ಪುರಭವನದ ಗೋಪುರವೊಂದು ಎದ್ದು ನಿಂತಿದೆ. ಅದರ ನೆತ್ತಿಯ ಮೇಲೆ, 1682ರಲ್ಲಿ ಆ ಊರಿಗೆ ತಳಹದಿ ಹಾಕಿದ ವಿಲಿಯಂ ಪೆನ್ ಮಹಾಶಯರ ಕಂಚಿನ ಪ್ರತಿಮೆ. ಗೋಪುರದ ಬುಡದಿಂದ ದಕ್ಷಿಣ ದಿಕ್ಕಿಗೆ ಬ್ರಾಡ್ ಸ್ಟ್ರೀಟ್ ಎಂಬ ರಾಜಬೀದಿ ದಾರ ಹಿಡಿದು ಎಳೆದಂತೆ ನೇರವಾಗಿ ಸಾಗುತ್ತದೆ. ನಾಟಕ, ಸಂಗೀತಗಳ ಮಂದಿರಗಳು ಹಿಂದೆ ಸರಿದು, ಇಟ್ಟಿಗೆಯ ಸಾಲುಮನೆಗಳ ಕೇರಿಗಳು ಬರುತ್ತವೆ. ಅವೂ ಮುಗಿದ ಮೇಲೆ, ಸುಮಾರು ನಾಲ್ಕು ಮೈಲಿಯ ಕೊನೆಯಲ್ಲಿ, ಊರಿನ ಕ್ರೀಡಾಂಗಣಗಳ ವಿಶಾಲವಾದ ಬಯಲು ಎದುರಾಗುತ್ತದೆ.

ಈ ಬಯಲಿನಲ್ಲಿ ಒಂದು ಕಾಲಕ್ಕೆ ಸ್ಪೆಕ್ಟ್ರಂ ಎಂಬ ಕಟ್ಟಡವಿತ್ತು. 1967ರಲ್ಲಿ ಬಾಗಿಲು ತೆರೆದ ಆ ಆಟದ ಮನೆಯನ್ನು 2010ರಲ್ಲಿ ಕೆಡವತೊಡಗಿ ಮರುವರ್ಷ ನೆಲಸಮ ಮಾಡಿದರು. ಇಂದು ಅಲ್ಲಿ ಅದರ ಕುರುಹನ್ನು ಹುಡುಕುವ ಪ್ರವಾಸಿಗೆ ಕಾಣುವುದು ಊಟೋಪಚಾರದ, ವಿನೋದದ ಬೇರೊಂದು ತಾಣ. ಆದರೆ ಅಳಿದುಹೋದ ಆ ಮನೆಯೊಳಗೆ 1972-73ರ ಮಾಗಿಯಲ್ಲಿ ನಡೆದುದನ್ನು ಊರಿನವರು ಮರೆತಿಲ್ಲ. ಊರಿನ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡ ಆ ವರ್ಷ 82 ಪಂದ್ಯಗಳನ್ನಾಡಿ, 9ರಲ್ಲಿ ಮಾತ್ರ ಗೆದ್ದು, 73ರಲ್ಲಿ ಸೋತಿತು.

ತಂಡದ ಹೆಸರು ಸೆವೆಂಟಿಸಿಕ್ಸರ್ಸ್. ಅಮೆರಿಕದ ಸ್ವಾತಂತ್ರ್ಯ ಘೋಷಣೆ 1776ರಲ್ಲಿ ಈ ನಗರದಲ್ಲಿಯೇ ಹೊರಟಿತು. ಹೆಸರಿನಲ್ಲಿರುವ ಎಪ್ಪತ್ತಾರು ಆ ಇಸವಿಯ ನೆನಪು. ಹೆಸರಿಗೆ ತಕ್ಕ ವೈಭವವೂ ತಂಡಕ್ಕಿತ್ತು. 1966-67ರಲ್ಲಿ ದೈತ್ಯಕಾಯರಾದ ವಿಲ್ಟ್ ಚೇಂಬರ್ಲಿನ್ ಅವರ ಬಲದಿಂದ 68 ಪಂದ್ಯಗಳನ್ನು ಗೆದ್ದು, ಕೇವಲ 13ರಲ್ಲಿ ಸೋತು, ಎಂಟು ವರ್ಷ ಬಿಡದೆ ಪ್ರಶಸ್ತಿ ಹಿಡಿದಿದ್ದ ಬಾಸ್ಟನ್ ತಂಡದ ಗರ್ವವನ್ನು ಅದು ಮುರಿದಿತ್ತು.

ಅರವತ್ತೆಂಟರಿಂದ ಒಂಬತ್ತಕ್ಕೆ ಇಳಿಯಲು ಆರೇ ವರ್ಷ ಸಾಕಾದವು. ದೊಡ್ಡ ಮನೆತನವೊಂದು ಬಡವಾಗುವಾಗ ಒಡವೆಗಳು ಒಂದೊಂದಾಗಿ ಮನೆ ಬಿಡುವಂತೆ, ಆಟಗಾರರು ಒಬ್ಬೊಬ್ಬರಾಗಿ ತಂಡ ಬಿಟ್ಟರು. 1968ರಲ್ಲಿ ಚೇಂಬರ್ಲಿನ್ ಲಾಸ್ ಏಂಜಲಿಸ್ ಪಾಲಾದರು. ಮರುವರ್ಷ ಚೆಟ್ ವಾಕರ್ ಶಿಕಾಗೋ ಸೇರಿದರು. 1972ರಲ್ಲಿ, ಉಳಿದವರಲ್ಲಿ ಅಗ್ರಗಣ್ಯರಾದ ಬಿಲ್ಲಿ ಕನ್ನಿಂಗ್‌ಹ್ಯಾಮ್ ಪ್ರತಿಸ್ಪರ್ಧಿ ಸಂಸ್ಥೆಯ ಕೆರೊಲಿನಾ ತಂಡಕ್ಕೆ ಹೊರಟುಹೋದರು. ಹಳೆಯ ವೈಭವದ ಸಾಕ್ಷಿಯಾಗಿ ಉಳಿದವರು ಹ್ಯಾಲ್ ಗ್ರೀರ್. ಅವರಿಗೆ ಆಗ ಮೂವತ್ತಾರು ವರ್ಷ. ಅದು ಅವರ ಹದಿನೈದನೆಯ ಋತು, ಕೊನೆಯದೂ ಹೌದು.

ತಂಡವನ್ನು ನಡೆಸಲು ಬಂದವರು ರಾಯ್ ರೂಬಿನ್. ನ್ಯೂಯಾರ್ಕ್ ಪ್ರಾಂತದ ಲಾಂಗ್ ಐಲೆಂಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಿಗೆ ಆಟ ಕಲಿಸಿ ಹೆಸರು ಪಡೆದಿದ್ದವರು ಅವರು. ಕಾಲೇಜಿನ ಆಟಕ್ಕೂ ವೃತ್ತಿಯ ಆಟಕ್ಕೂ ಅಜಗಜಾಂತರ. ಅಲ್ಲಿ ವರ್ಷಕ್ಕೆ ಮೂವತ್ತರೊಳಗಿನ ಪಂದ್ಯಗಳು; ಗುರುವಿನ ಮಾತನ್ನು ತಲೆಬಾಗಿ ಕೇಳುವ ಹುಡುಗರು. ಇಲ್ಲಿಯಾದರೋ, ಅಕ್ಟೋಬರಿನಿಂದ ಮಾರ್ಚ್ ತಿಂಗಳವರೆಗೆ ಇಂದು ಈ ಊರು ನಾಳೆ ಆ ಊರು ಎಂದು ವಿಮಾನದಲ್ಲಿ ಅಲೆಯುತ್ತ, 82 ರಾತ್ರಿಗಳು ಅಂಗಳಕ್ಕಿಳಿಯಬೇಕು. ಇದನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡ, ಲೋಕ ಕಂಡ ಗಂಡಸರನ್ನು ಒಂದು ಹದಕ್ಕೆ ತರಬೇಕು.

ಆ ಹದ ಕೂಡಿಬರಲಿಲ್ಲ. ಮೊದಲ 15 ಪಂದ್ಯಗಳೂ ಸೋಲಿನಲ್ಲಿ ಮುಗಿದವು. ನವೆಂಬರಿನಲ್ಲಿ ಹ್ಯೂಸ್ಟನ್ ತಂಡದ ಮೇಲೆ ಮೊದಲ ಗೆಲುವು ದೊರೆತಾಗ ನಗರ ನಿಟ್ಟುಸಿರು ಬಿಟ್ಟಿತೇ ಹೊರತು ಹಬ್ಬ ಮಾಡಲಿಲ್ಲ. 1973ರ ಜನವರಿಯಲ್ಲಿ, 4 ಗೆಲುವು 47 ಸೋಲುಗಳ ಲೆಕ್ಕವನ್ನು ಹಿಂದೆ ಬಿಟ್ಟು ರೂಬಿನ್ ಹುದ್ದೆ ಕಳೆದುಕೊಂಡರು. ತಂಡದಲ್ಲಿಯೇ ಆಡುತ್ತಿದ್ದ ಕೆವಿನ್ ಲಾಫ್ರಿ ಅವರ ಹೆಗಲಿಗೆ ಆ ಭಾರ ಬಿತ್ತು. ಅಷ್ಟರಿಂದಲೂ ಗ್ರಹಚಾರ ತಿರುಗಲಿಲ್ಲ. ಸತತ ಸೋಲುಗಳ ಸರಣಿ 20ಕ್ಕೆ ಮುಟ್ಟಿತು.

ಸ್ಪೆಕ್ಟ್ರಂನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಆಸನಗಳಿದ್ದವು. ಗೆಲ್ಲುವ ತಂಡಕ್ಕೆ ಅಷ್ಟು ಆಸನಗಳು ಕಡಿಮೆ. ಸೋಲುವ ತಂಡಕ್ಕೆ ಅವೇ ಮರುಭೂಮಿ. ಆಗಿನ ಫಿಲಡೆಲ್ಫಿಯಾದ ಉತ್ಸಾಹವೆಲ್ಲ ಅದೇ ಸೂರಿನಡಿ ಮಂಜಿನ ಮೇಲೆ ಹಾಕಿ ಆಡುತ್ತಿದ್ದ ಫ್ಲೈಯರ್ಸ್ ತಂಡದತ್ತ ಹರಿಯತೊಡಗಿತ್ತು. 1974ರಲ್ಲಿ ಆ ತಂಡ ಸ್ಟ್ಯಾನ್ಲಿ ಕಪ್ಪನ್ನೇ ಗೆದ್ದು ತಂದಿತು. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಆರತಿ, ಇನ್ನೊಬ್ಬನಿಗೆ ಮೌನ.

ಆದರೂ ಆ ಋತುವಿನಲ್ಲಿ ಏಳು ಪಂದ್ಯಗಳ ಒಂದು ಸಣ್ಣ ವಸಂತ ಬಂದಿತು. ಫೆಬ್ರವರಿಯಲ್ಲಿ, 62 ಪಂದ್ಯಗಳಲ್ಲಿ 58 ಸೋಲುಂಡ ಮೇಲೆ, ಇನ್ನಾರಾದರೂ ಕೈಚೆಲ್ಲುತ್ತಿದ್ದ ಘಳಿಗೆಯಲ್ಲಿ, ಇದೇ ಆಟಗಾರರು ಏಳರಲ್ಲಿ ಐದನ್ನು ಗೆದ್ದರು. ಆ ಐದು ಗೆಲುವುಗಳಿಂದ ಪ್ರಶಸ್ತಿಯೂ ಇಲ್ಲ, ಪದವಿಯೂ ಇಲ್ಲ. ಬಳಿಕ ಕೊನೆಯ 13 ಪಂದ್ಯಗಳು ಮತ್ತೆ ಸೋಲೇ. ಅದೇ ವರ್ಷ ಬಾಸ್ಟನ್ 68 ಪಂದ್ಯಗಳನ್ನು ಗೆದ್ದಿತು. ಎರಡು ತಂಡಗಳ ನಡುವೆ 59 ಗೆಲುವುಗಳ ಅಂತರ!

ಋತುವಿನ ಕೊನೆಗೆ ತಂಡದ ಅತ್ಯಂತ ಬೆಲೆಯುಳ್ಳ ಆಟಗಾರರೆಂಬ ಗೌರವ ಫ್ರೆಡ್ ಕಾರ್ಟರ್ ಅವರಿಗೆ ಸಂದಿತು. ಕಾರ್ಟರ್ ಫಿಲಡೆಲ್ಫಿಯಾದಲ್ಲಿಯೇ ಹುಟ್ಟಿದವರು. ತವರೂರಿನವರ ಕಣ್ಣೆದುರಿಗೇ ಸೋತವರು. 73 ಸೋಲುಗಳ ತಂಡದಲ್ಲಿ ಶ್ರೇಷ್ಠನೆನಿಸುವುದು ನಗೆಯ ಮಾತೆಂದು ಹಲವರಿಗೆ ತೋರಬಹುದು. ಆದರೆ ಗೆಲ್ಲುವ ಆಸೆಯಿಂದ ಚೆನ್ನಾಗಿ ಆಡುವುದು ಸುಲಭ; ಫಲದ ಆಸೆ ಬತ್ತಿದ ಮೇಲೂ ಸಂಜೆಯಾಗುತ್ತಲೇ ಬೂಟಿನ ದಾರ ಬಿಗಿದು, ಅರೆಖಾಲಿ ಆಸನಗಳ ಎದುರು ಪೂರ್ಣ ಶಕ್ತಿಯಿಂದ ಆಡುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ.

ಅಮೆರಿಕದ ವೃತ್ತಿಪರ ಆಟದಲ್ಲಿ ಒಂದು ವಿಲಕ್ಷಣ ನ್ಯಾಯವುಂಟು. ಕೆಳಗೆ ಬಿದ್ದ ತಂಡಕ್ಕೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ ಮೇಲುಗೈ. 1973ರಲ್ಲಿ ಮೊದಲ ಆಯ್ಕೆಯ ಹಕ್ಕು ಫಿಲಡೆಲ್ಫಿಯಾಕ್ಕೆ ದಕ್ಕಿ, ಡಗ್ ಕಾಲಿನ್ಸ್ ಎಂಬ ತರುಣರು ಬಂದರು. ಹಿಂದಿನ ವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನ ವಿವಾದಗ್ರಸ್ತ ಅಂತಿಮ ಪಂದ್ಯದಲ್ಲಿ ರಷ್ಯನ್ನರಿಗೆ ಸೋತ ಅಮೆರಿಕನ್ ತಂಡದವರು ಅವರು. ಸೋಲಿನ ರುಚಿಯನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ. ನಾಲ್ಕೇ ವರ್ಷಗಳಲ್ಲಿ, 1977ರಲ್ಲಿ, ತಂಡ ಅಂತಿಮ ಸುತ್ತಿಗೇರಿತು. 1983ರಲ್ಲಿ ಪ್ರಶಸ್ತಿಯನ್ನೇ ಪಡೆಯಿತು. ಆಗ ತಂಡವನ್ನು ನಡೆಸುತ್ತಿದ್ದವರು, 1972ರಲ್ಲಿ ಮನೆ ಬಿಟ್ಟು ಹೋಗಿದ್ದ ಅದೇ ಕನ್ನಿಂಗ್‌ಹ್ಯಾಮ್!

ಇದೇ ನ್ಯಾಯವನ್ನು ಮುಂದೊಂದು ದಿನ ಅದೇ ನಗರ ಬೇರೊಂದು ರೀತಿಯಲ್ಲಿ ಬಳಸಿತು. 2013ರಿಂದ 2016ರವರೆಗಿನ ಮೂರು ಋತುಗಳಲ್ಲಿ ಒಳ್ಳೆಯ ಆಯ್ಕೆಗಳು ಸಿಗಲೆಂದು ಆಡಳಿತದವರು ತಂಡವನ್ನು ತಿಳಿದೇ ದುರ್ಬಲವಾಗಿರಿಸಿದರು. 47 ಗೆಲುವು, 199 ಸೋಲು. ಅದರಲ್ಲಿ ಕೊನೆಯ ವರ್ಷದ ಗೆಲುವುಗಳು 10. ಹಳೆಯ ಲೆಕ್ಕಕ್ಕಿಂತ ಒಂದೇ ಹೆಚ್ಚು. ಅಂಕಿಗಳಲ್ಲಿ ಈ ಎರಡು ಸೋಲುಗಳು ಅಣ್ಣತಮ್ಮಂದಿರಂತೆ ಕಂಡರೂ ಅವುಗಳ ಕುಲ ಬೇರೆ. ಒಂದು ಲಾಭದ ಎಣಿಕೆಯಿಂದ ಬರಮಾಡಿಕೊಂಡ ಸೋಲು. ಇನ್ನೊಂದು, ಬೇಡವೆಂದು ಬಾಗಿಲು ಮುಚ್ಚಿದರೂ ಒಳನುಗ್ಗಿದ ಸೋಲು. ಊರಿನವರು ಈ ಎರಡನೆಯದನ್ನೇ ಹೆಚ್ಚು ಮರುಕದಿಂದ ನೆನೆದರೆ ಅಚ್ಚರಿಯಿಲ್ಲ.

ಫಿಲಡೆಲ್ಫಿಯಾಕ್ಕೆ ಹೋದವರೆಲ್ಲರೂ ತಪ್ಪದೆ ನೋಡುವ ವಸ್ತುವೊಂದಿದೆ: ಸ್ವಾತಂತ್ರ್ಯದ ಗಂಟೆ. ಅದು ಬಿರುಕು ಬಿಟ್ಟು ಬಹುಕಾಲವಾಯಿತು, ಈಗ ಬಾರಿಸುವಂತಿಲ್ಲ. ಆದರೂ ಜನ ಮಕ್ಕಳನ್ನು ಕರೆತಂದು, ಸಾಲಿನಲ್ಲಿ ನಿಂತು, ಆ ಬಿರುಕನ್ನೇ ಬೆರಳಿಟ್ಟು ತೋರಿಸುತ್ತಾರೆ. ಬ್ರಾಡ್ ಸ್ಟ್ರೀಟಿನ ತುದಿಯ ಬಯಲಿನಲ್ಲಿ ತೋರಿಸಲು ಅಂಥದೇನೂ ಉಳಿದಿಲ್ಲ. 82 ಪಂದ್ಯಗಳ ಋತುವಿನಲ್ಲಿ ಒಂಬತ್ತಕ್ಕಿಂತ ಕಡಿಮೆ ಗೆಲುವು ಕಂಡ ತಂಡ ಅರ್ಧ ಶತಮಾನ ಕಳೆದರೂ ಬಂದಿಲ್ಲ. ಕಾರ್ಟರ್ ಮಾತ್ರ 1993ರಲ್ಲಿ ಅದೇ ಸ್ಪೆಕ್ಟ್ರಂಗೆ ಮರಳಿ ಬಂದರು. ಈ ಬಾರಿ ಅದೇ ತಂಡದ ಮುಖ್ಯ ತರಬೇತುದಾರರಾಗಿ.