ತೊಲೆ ಬದಲಿಸುತ್ತಿದ್ದ ಊರು

ಚನ್ನರಾಯಪಟ್ಟಣದ ಹಳೇ ಬೀದಿಗಳಲ್ಲಿ ಮಾಳಿಗೆ ಮನೆ ಈಗ ಅಪರೂಪ. ದೇವನಹಳ್ಳಿ ತಾಲ್ಲೂಕಿನ ಈ ಹೋಬಳಿ ಊರಿನಲ್ಲಿ ನಾವು ಹುಡುಗರಾಗಿದ್ದಾಗ ಮನೆ ಅಂದರೆ ಅದೇ. ಮಣ್ಣಿನ ದಪ್ಪ ಗೋಡೆ, ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತೆ, ಅದರ ಮೇಲೆ ಬಿದಿರಿನ ಸೀಳೋ ಹಲಗೆಯೋ, ಎಲ್ಲಕ್ಕೂ ಮೇಲೆ ಮಣ್ಣು. ಮುಂಗಾರಿಗೆ ಮೊದಲು ಚೌಳು ಮಣ್ಣು ಹರಡಿ ತುಳಿಯುತ್ತಿದ್ದರು. ಒಂದಡಿ ದಪ್ಪದ ಮಣ್ಣು ಅಂದರೆ ಚದರಡಿಗೆ ಹತ್ತಿರ ಹತ್ತಿರ 45 ಕೆ.ಜಿ. ಭಾರ. ಅಷ್ಟನ್ನೂ ಹೊತ್ತು ನಿಲ್ಲುತ್ತಿದ್ದದ್ದು ತೊಲೆ.

ತೊಲೆ ನಡುವೆ ಮುರಿಯುವುದು ಕಡಿಮೆ. ಕೆಡುವುದು ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ತೇವ ನಿಲ್ಲುವುದು ಅಲ್ಲೇ, ಗೆದ್ದಲು ಹತ್ತುವುದೂ ಅಲ್ಲಿಂದಲೇ. ಆಚಾರಿ ಬಂದು ಬಾಚಿಯ ಹಿಡಿಯಿಂದ ಉದ್ದಕ್ಕೂ ತಟ್ಟಿಕೊಂಡು ಹೋಗುತ್ತಿದ್ದರು. ಸದ್ದು ಮಂಕಾದ ಕಡೆ ನಿಂತು ಉಳಿಯ ಮೊನೆ ಒತ್ತುತ್ತಿದ್ದರು. ಉಳಿ ಸಲೀಸಾಗಿ ಒಳಗಿಳಿದರೆ, "ಸುಗ್ಗಿ ಕಳೀಲಿ, ಬದಲಾಯ್ಸಾಣ" ಅನ್ನುತ್ತಿದ್ದರು. ಮನೆ ಕೆಡವುವ ಮಾತೇ ಬರುತ್ತಿರಲಿಲ್ಲ. ಕೆಟ್ಟದ್ದು ಒಂದು ತೊಲೆ, ಬದಲಾಗಬೇಕಾದದ್ದೂ ಅದೊಂದೇ.

ಮರ ಬದುವಿನಲ್ಲೇ ಇರುತ್ತಿತ್ತು, ಬೇವೋ ಹಲಸೋ. ಕೈಯಲ್ಲಿ ಕಾಸಿದ್ದವರು ಹೊನ್ನೆ, ಮತ್ತಿ ತರಿಸುತ್ತಿದ್ದರು. ನಮ್ಮ ಹೋಬಳಿಯ ನಲ್ಲೂರಿನ ಹುಣಸೆ ತೋಪು ಹೆಸರುವಾಸಿ; 54 ಎಕರೆಯ ಆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಆದರೆ ಹುಣಸೆ ತೊಲೆಗೆ ಒಗ್ಗದು. ಗಟ್ಟಿ ಹೌದು, ನೆಟ್ಟಗೆ ಉದ್ದ ಸಿಗದು. ಅಮಾವಾಸ್ಯೆ ಹತ್ತಿರವಾದಾಗ ಮರ ಕಡಿದು, ಕುಂಟೆಯ ನೀರಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ನೆರಳಲ್ಲಿ ಒಣಗಿಸಿದ ಮೇಲೆಯೇ ಆಚಾರಿ ಬಾಚಿ ಮುಟ್ಟುತ್ತಿದ್ದರು.

ತಾತನ ಮನೆಯ ನಡುಮನೆಯ ತೊಲೆ ಬದಲಿಸಿದ್ದನ್ನು ನಾನು ಕಂಡಿದ್ದೇನೆ. ಮೊದಲು ಮಾಳಿಗೆ ಹತ್ತಿ, ತೊಲೆಯ ನೇರಕ್ಕಿದ್ದ ಮಣ್ಣನ್ನೆಲ್ಲ ಮಂಕರಿಯಲ್ಲಿ ಇಳಿಸಿದರು. ಆಮೇಲೆ ತೊಲೆಯ ಎರಡೂ ಮಗ್ಗುಲಿಗೆ ಸರ್ವೆ ಕಂಬಗಳ ಆಸರೆ ಕೊಟ್ಟು, ಬುಡಕ್ಕೆ ಬೆಣೆ ಇಟ್ಟರು. ಬೆಣೆಗೆ ಒಂದೇ ಸಲ ಹೊಡೆಯುವ ಹಾಗಿಲ್ಲ. ಈ ಕಂಬಕ್ಕೊಂದು ಏಟು, ಆ ಕಂಬಕ್ಕೊಂದು ಏಟು, ನಡುವೆ ಸುಮ್ಮನೆ ನಿಂತು ಕೇಳುವುದು. ಜಂತೆಗಳು ತೊಲೆಯನ್ನು ಬಿಟ್ಟು ಕೂದಲೆಳೆಯಷ್ಟು ಮೇಲೆದ್ದವೋ ಇಲ್ಲವೋ ಎಂದು ಆಚಾರಿ ಸಂದಿನಲ್ಲಿ ದಾರ ಎಳೆದು ನೋಡಿದರು. ದಾರ ಸರಾಗವಾಗಿ ಓಡಿದ ಮೇಲೆಯೇ ಹಳೇ ತೊಲೆಗೆ ಹಗ್ಗ ಬಿತ್ತು. ಹೊಸದನ್ನು ಏರಿಸುವಾಗ ಒಂದು ಗೋಡೆಯ ಗೂಡನ್ನು ಬೇಕೆಂದೇ ಆಳವಾಗಿ ತೋಡಿದ್ದರು. ಒಂದು ತುದಿಯನ್ನು ಅದರೊಳಕ್ಕೆ ಪೂರ್ತಿ ನುಗ್ಗಿಸಿ, ಇನ್ನೊಂದನ್ನು ಎದುರು ಗೋಡೆಯ ನೇರಕ್ಕೆ ತಂದು, ಅತ್ತಲಿಂದ ಇತ್ತ ಎಳೆದು ಕೂರಿಸಿದರು. ತುದಿಗಳಿಗೆ ಹೊಂಗೆ ಎಣ್ಣೆ, ಅಡಿಗೆ ಚಪ್ಪಟೆ ಕಲ್ಲು. ಹಳೇ ತೊಲೆಯ ಕೆಟ್ಟ ತುದಿ ಕೊಯ್ದು ಹಾಕಿ, ಉಳಿದದ್ದನ್ನು ಕೊಟ್ಟಿಗೆಗೆ ಹಾಕಿಕೊಂಡರು.

ಇಷ್ಟಕ್ಕೂ ಕೂಲಿ ಅಂತ ಕೊಟ್ಟದ್ದು ಆಚಾರಿಗೆ ಮಾತ್ರ. ಹೆಗಲು ಕೊಟ್ಟವರೆಲ್ಲ ಮುಯ್ಯಾಳುಗಳು. ಅವರ ಮನೆಗೆ ನಾವು, ನಮ್ಮ ಮನೆಗೆ ಅವರು. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಊಟಕ್ಕೆ ಕೂತಾಗಲೇ ಮುಂದಿನ ವರ್ಷ ಯಾರ ಮನೆ ತೊಲೆ ಅನ್ನುವುದೂ ಗೊತ್ತಾಗಿಬಿಡುತ್ತಿತ್ತು. ನನಗೆ ಹೆಚ್ಚು ಸಂಕಟ ಅದು ಹೋದದ್ದಕ್ಕೇ.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು, ನೆಲಕ್ಕೆ ಬೇರೆಯೇ ಬೆಲೆ ಬಂತು. ಆಮೇಲೆ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಹೊರಟಿತು. 2022ರ ಏಪ್ರಿಲ್‌ನಲ್ಲಿ ಧರಣಿ ಕೂತ ರೈತರು ಮೂರು ವರ್ಷ ಮೀರಿ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಬದು ಉಳಿಯಿತು, ಬದುವಿನ ಬೇವೂ ಉಳಿಯಿತು. ಆದರೆ ಕಾಲ ಕೆಳಗಿನ ನೆಲವೇ ನಮ್ಮದೋ ಅಲ್ಲವೋ ಎನ್ನುವಂತಿದ್ದ ಆ ವರ್ಷಗಳಲ್ಲಿ ಹಳೇ ಮನೆಗೆ ಹೊಸ ತೊಲೆ ಹಾಕಿಸುವ ಮನಸ್ಸು ಯಾರಿಗೆ ಬಂದೀತು?

ಮೋಲ್ಡಿಂಗ್ ಮನೆ ಕಟ್ಟಿದವರನ್ನು ನಾನು ದೂರುವುದಿಲ್ಲ. ಮಾಳಿಗೆ ಸೋರುವಾಗ ರಾತ್ರಿಯೆಲ್ಲ ಪಾತ್ರೆ ಇಟ್ಟುಕೊಂಡು ಕೂತ ಹೆಂಗಸರಿಗೆ ಅದು ಸುಖವೇ. ಆದರೆ ಒಳಗಿನ ಕಂಬಿ ತುಕ್ಕು ಹಿಡಿದು ಸಿಮೆಂಟು ಉದುರಲು ಶುರುವಾದರೆ, ತೊಲೆಯ ಹಾಗೆ ಅದೊಂದನ್ನೇ ಇಳಿಸಿ ಇನ್ನೊಂದನ್ನು ಏರಿಸಲಾಗದು.

ಪಕ್ಕದ ಬೀದಿಯ ದೊಡ್ಡಮ್ಮನ ಮನೆಯ ತೊಲೆ ಈ ವರ್ಷ ಬಾಗಿದೆ. ಆಚಾರಿಯ ಮಕ್ಕಳು ಬೆಂಗಳೂರಿನಲ್ಲಿ ಪ್ಲೈವುಡ್ ಬೀರು ಮಾಡುತ್ತಾರೆ, ಬಾಚಿ ಹಿಡಿದವರಲ್ಲ. ಒಂದು ತೊಲೆಯಲ್ಲವೇ, ಬದಲಾಯಿಸಿದರೆ ಇನ್ನೂ ಎರಡು ತಲೆಮಾರು ಬಾಳುತ್ತದೆ ಎಂದೆ. "ಮರ ಐತೆ ಕಣಪ್ಪ, ದುಡ್ಡೂ ಐತೆ. ಎತ್ತಾಕೆ ಜನನ ಎಲ್ಲಿಂದ ತರಾಣ ಹೇಳು?" ಅಂದರು. ಯುಗಾದಿ ಕಳೆದ ಮೇಲೆ ಜೆಸಿಬಿ ಬರುತ್ತದಂತೆ. ಕಂಬ, ಬೋದಿಗೆ, ವಾಸಕಾಲಿಗೆ ಹಳೇ ಮರದ ವ್ಯಾಪಾರಿ ಆಗಲೇ ಮುಂಗಡ ಕೊಟ್ಟು ಹೋಗಿದ್ದಾನೆ.