ಯಾರೂ ಬರಬೇಕಾಗಿಲ್ಲ

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಾನು ಹಾಕಿದ ಒಂದೇ ಒಂದು ಇಂಗ್ಲಿಷ್ ವಾಕ್ಯಕ್ಕೆ ನನ್ನ ಅಣ್ಣ ಐದು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದ. ವಾಕ್ಯ ಇಷ್ಟೇ: ‘ನೋಬಡಿ ಮಸ್ಟ್ ಕಮ್ ಟು ಹಾಸ್ಪಿಟಲ್.’

ಅಮ್ಮನಿಗೆ ಆಗ 81 ವರ್ಷ. ಸಯನ್ನಿನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ನರ್ಸಿಂಗ್ ಹೋಮಿನಲ್ಲಿ ಹರ್ನಿಯಾ ಆಪರೇಷನ್ ಇತ್ತು. ಮೂರು ದಿನದ ಮಾತು. ಅಮ್ಮನೇ ಹೇಳಿದ್ದಳು: “ಯಾರೂ ಬಪ್ಪುದ್ ಬ್ಯಾಡ. ಮಳೆಗಾಲ, ಗದ್ದೆ ಕೆಲ್ಸ ಬಿಟ್ಟ್ ಬಂದ್ ಎಂತ ಮಾಡುದ್?” ಅದನ್ನೇ ಗುಂಪಿಗೆ ತಿಳಿಸೋಣವೆಂದುಕೊಂಡೆ. ಗುಂಪಿನಲ್ಲಿ ಪುಣೆಯ ಮಕ್ಕಳು, ದುಬೈಯ ಮಕ್ಕಳು ಇದ್ದಾರೆ. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಹಾಗಾಗಿ ಇಂಗ್ಲಿಷ್.

ಊರಿನಲ್ಲಿ ಅಣ್ಣ ಅಷ್ಟರಲ್ಲೇ ಮತ್ಸ್ಯಗಂಧಕ್ಕೆ ಟಿಕೆಟ್ ಮಾಡಿಸಿಯಾಗಿತ್ತು. ಕುಂದಾಪುರದಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ಕುರ್ಲಾ, ಅಲ್ಲಿಂದ ಸಯನ್ನಿಗೆ ಎಷ್ಟು ಹೊತ್ತು? ಆದರೆ ಅವನ ಮಗ, ಇಂಜಿನಿಯರಿಂಗ್ ಓದುವ ಹುಡುಗ, ನನ್ನ ಮೆಸೇಜ್ ಓದಿ ಹೇಳಿದ: “ಅಪ್ಪ, ಯಾರೂ ಬರಕೂಡದು ಅಂತ ಚಿಕ್ಕಪ್ಪ ಹಾಕಿದ್ದಾರೆ.” ಹಿಂದಿನ ವರ್ಷವಷ್ಟೇ ಜಾಗದ ಪಾಲಿನ ಮಾತು ಬಂದು ಇಬ್ಬರ ನಡುವೆ ಸ್ವಲ್ಪ ಬಿಗಿಯಾಗಿತ್ತು. ಅಣ್ಣ ಟಿಕೆಟ್ ಕ್ಯಾನ್ಸಲ್ ಮಾಡಿಸಿದ. ಎರಡನೆಯ ದಿನ ಅಮ್ಮ ಕೇಳಿದಳು, “ದೊಡ್ಡ ಮಾಣಿ ಬರ್ಲಿಲ್ಯಾ?” “ನೀನೇ ಬ್ಯಾಡ ಅಂದದ್ದಲ್ದಾ?” ಎಂದೆ. ಅವಳು ಏನೂ ಹೇಳದೆ ಗೋಡೆಯ ಕಡೆ ತಿರುಗಿ ಮಲಗಿದಳು.

ಹುಡುಗನ ಅನುವಾದದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನನ್ನ ಇಂಗ್ಲಿಷಿನಲ್ಲಿ. ಅದು ತಿಳಿದದ್ದು ಬಹಳ ತಡವಾಗಿ.

ನನ್ನ ತಲೆಯಲ್ಲಿ ಇದ್ದದ್ದು ‘ಯಾರೂ ಬರಬೇಕಾಗಿಲ್ಲ’ ಎಂಬ ಕನ್ನಡ. ಯಾರೂ ಎಂದರೆ ನೋಬಡಿ, ಬೇಕು ಎಂದರೆ ಮಸ್ಟ್. ಎರಡನ್ನೂ ಜೋಡಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಕನ್ನಡದ ‘ಯಾರೂ’ ತಾನಾಗಿ ಇಲ್ಲ ಎನ್ನುವುದಿಲ್ಲ. ಇಲ್ಲ ಎನ್ನುವ ಕೆಲಸವನ್ನು ಕೊನೆಯಲ್ಲಿ ಬರುವ ಕ್ರಿಯಾಪದ ಮಾಡಬೇಕು: ಯಾರೂ ಬರಲಿಲ್ಲ, ಯಾರೂ ಬರಬಾರದು, ಯಾರೂ ಬರಬೇಕಾಗಿಲ್ಲ. ಅಲ್ಲಿಗೆ ಬರುವಾಗ ಬೇಡವೋ, ಕೂಡದೋ ಎಂಬುದು ಸ್ಪಷ್ಟವಾಗಿಬಿಡುತ್ತದೆ. ಇಂಗ್ಲಿಷಿನ ‘ನೋಬಡಿ’ ಹಾಗಲ್ಲ. ಇಲ್ಲ ಎಂಬುದನ್ನು ಮೊದಲೇ ನುಂಗಿಕೊಂಡು ಬರುತ್ತದೆ, ಕ್ರಿಯಾಪದ ಏನೂ ಅರಿಯದಂತೆ ಸುಮ್ಮನಿರುತ್ತದೆ. ಆ ನುಂಗಿದ ‘ಇಲ್ಲ’ ಯಾವುದಕ್ಕೆ ತಗಲಬೇಕು, ಒತ್ತಾಯಕ್ಕೋ ಬರುವುದಕ್ಕೋ? ಅದು ಆಯಾ ಸಹಾಯಕ ಕ್ರಿಯಾಪದದ ಅಭ್ಯಾಸ. ‘ಮಸ್ಟ್’ ಇದ್ದರೆ ಬರುವುದಕ್ಕೆ ತಗಲುತ್ತದೆ: ಬರದೆ ಇರಲೇಬೇಕು, ಅಂದರೆ ಬರಕೂಡದು. ‘ನೀಡ್’ ಅಥವಾ ‘ಹ್ಯಾಸ್ ಟು’ ಇದ್ದರೆ ಒತ್ತಾಯಕ್ಕೆ ತಗಲುತ್ತದೆ: ಬರಲೇಬೇಕೆಂದಿಲ್ಲ. ವಿಚಿತ್ರವೆಂದರೆ ‘ಎವ್ರಿಬಡಿ ಮಸ್ಟ್ ಕಮ್’ ಎಂದರೂ ‘ಎವ್ರಿಬಡಿ ಹ್ಯಾಸ್ ಟು ಕಮ್’ ಎಂದರೂ ಹೆಚ್ಚುಕಡಿಮೆ ಒಂದೇ. ಎವ್ರಿಬಡಿ ಹೋಗಿ ನೋಬಡಿ ಬಂದ ಕೂಡಲೇ ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ.

ನಮ್ಮ ಕುಂದಾಪ್ರ ಮಾತಿನಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. ‘ಬಪ್ಪುದ್ ಬ್ಯಾಡ’ ಬೇರೆ, ‘ಬಪ್ಪುಕಾಗ’ ಬೇರೆ. ತುಳುವರಿಗೂ ‘ಬೊಡ್ಚಿ’ ಬೇರೆ, ‘ಬಲ್ಲಿ’ ಬೇರೆ.

ನಾನು ಇಂಗ್ಲಿಷ್ ಕಲಿತದ್ದು ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ. ಹಗಲು ಕ್ಯಾಂಟೀನಿನಲ್ಲಿ ಟೇಬಲ್ ಒರೆಸಿ, ಸಂಜೆ ಕೈ ತೊಳೆದು, ಬೆಂಚಿನಲ್ಲಿ ಕುಳಿತರೆ ನಿದ್ದೆ. ಈ ಸಹಾಯಕ ಕ್ರಿಯಾಪದಗಳನ್ನು ಮಾತ್ರ ನಮ್ಮ ಮಾಸ್ಟ್ರು ಒಂದೇ ದಿನದಲ್ಲಿ ತಲೆಗೆ ಹತ್ತಿಸಿದ್ದರು. “ನಾನು ಬರಬೇಕು, ಅವಳು ಬರಬೇಕು, ದನ ಬರಬೇಕು. ಬೇಕು ಬದಲಾಯಿತೇನ್ರೋ? ಹಾಗೆಯೇ ಮಸ್ಟ್, ಕ್ಯಾನ್, ಶುಡ್. ಯಾರು ಬಂದರೂ ಬಾಲಕ್ಕೆ ಎಸ್ ಹಚ್ಚಬೇಡಿ.” ಅದುವರೆಗೆ ‘ಎವ್ರಿಬಡಿ ಕ್ಯಾನ್ಸ್’ ಎಂದು ಬರೆಯುತ್ತಿದ್ದ ನಾವೆಲ್ಲ ಅಂದೇ ಸರಿಹೋದೆವು. ಬೇಕು, ಬಹುದು, ಬಾರದು ಇವು ಲಿಂಗಕ್ಕೂ ವಚನಕ್ಕೂ ಜಗ್ಗುವುದಿಲ್ಲ ಎಂದು ನನಗೆ ಹೊಳೆದದ್ದೂ ಆಗಲೇ, ಇಂಗ್ಲಿಷ್ ಪಾಠದಲ್ಲಿ. ಇಲ್ಲ ಎಂದಾಗ ಏನಾಗುತ್ತದೆ ಎನ್ನುವುದನ್ನು ಮಾಸ್ಟ್ರು ಹೇಳಿಕೊಟ್ಟಿರಲೂಬಹುದು. ನಾನು ನಿದ್ದೆ ಮಾಡಿರಬೇಕು.

ಈ ಪೆಟ್ಟು ತಿಂದ ಮೇಲೆ ಎಲ್ಲಿ ನೋಡಿದರೂ ಅಂಥ ವಾಕ್ಯಗಳೇ ಕಾಣತೊಡಗಿದವು. ಒಂದು ಬಿಲ್ಡಿಂಗಿನ ಗೇಟಿನಲ್ಲಿ ‘ಎನಿಬಡಿ ಶುಡ್ ನಾಟ್ ಪಾರ್ಕ್ ಹಿಯರ್’ ಎಂದು ಬರೆದಿತ್ತು. ಬರೆದವರು ಕನ್ನಡದವರೋ ಮರಾಠಿಯವರೋ ಗೊತ್ತಿಲ್ಲ, ಆದರೆ ಒಳಗಿರುವ ‘ಯಾರೂ ನಿಲ್ಲಿಸಬಾರದು’ ನನಗಂತೂ ಕೇಳಿಸಿತು. ಇಂಗ್ಲಿಷಿನಲ್ಲಿ ‘ಎನಿಬಡಿ’ ಮೊದಲು ಬಂದು ‘ನಾಟ್’ ಆಮೇಲೆ ಬರುವಂತಿಲ್ಲ. ‘ನೋಬಡಿ ಶುಡ್’ ಎನ್ನಬೇಕು. ಹಾಗೆಂದು ನೋಬಡಿ ಹಾಕಿ ‘ಶುಡ್ ನಾಟ್’ ಕೂಡ ಉಳಿಸಿಕೊಂಡರೆ ಎರಡು ಇಲ್ಲಗಳು ಸೇರಿ ಎಲ್ಲರೂ ಅಲ್ಲೇ ಗಾಡಿ ನಿಲ್ಲಿಸಬೇಕಾಗುತ್ತದೆ! ಇಲ್ಲ ಎಂಬುದೇ ಇಲ್ಲದಿದ್ದರೆ ಎನಿಬಡಿ ಬಹಳ ಉದಾರಿ: ‘ಎನಿಬಡಿ ಕ್ಯಾನ್ ಕಮ್’, ಯಾರು ಬೇಕಾದರೂ ಬರಬಹುದು. ನಮ್ಮ ‘ಯಾರು ಬೇಕಾದರೂ’ ಒಳಗೇ ಒಂದು ‘ಬೇಕು’ ಕೂತಿದೆ ನೋಡಿ. ಐವತ್ತು ವರ್ಷ ಆ ಮಾತು ಆಡಿದ್ದೇನೆ, ಗಮನಿಸಿರಲಿಲ್ಲ.

ಡಿಸೆಂಬರಿನಲ್ಲಿ ಕೋಟೇಶ್ವರದಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಅಣ್ಣ ನನ್ನಿಂದ ಎರಡು ಎಲೆ ಆಚೆ ಕುಳಿತಿದ್ದ, ತಿರುಗಿ ನೋಡಲಿಲ್ಲ. ಕೈ ತೊಳೆಯುವಲ್ಲಿ ಹಿಡಿದು ನಿಲ್ಲಿಸಿ ಕೇಳಿದೆ, ಏನಾಯಿತು ಎಂದು. “ನೀನೇ ಅಲ್ದಾ ಬಪ್ಪುಕಾಗ ಅಂದದ್ದ್?” ಎಂದ. ನಾನು ಹೌಹಾರಿದೆ. ಫೋನ್ ತೆಗೆದು ಮೇಲೆ ಮೇಲೆ ಸರಿಸಿ ಜುಲೈವರೆಗೆ ಹೋಗಿ ತೋರಿಸಿದೆ. ಅವನ ಮಗನನ್ನೂ ಕರೆದೆವು. ಹುಡುಗ ಸಂಕೋಚದಿಂದಲೇ, ನನಗೆ ನೋವಾಗದ ಹಾಗೆ, ಮಸ್ಟ್ ಮತ್ತು ನೀಡ್ ವ್ಯತ್ಯಾಸ ಬಿಡಿಸಿ ಹೇಳಿದ. ಮೇಲೆ ನಾನು ಬರೆದ ವ್ಯಾಕರಣ ಹೆಚ್ಚಿನದೂ ಅಂದು ಅವನಿಂದ ಕಲಿತದ್ದು. ಅಣ್ಣ ಎಲ್ಲ ಕೇಳಿ ಒಂದೇ ಮಾತು ಹೇಳಿದ: “ಫೋನ್ ಮಾಡುಕೆ ಎಂತಾಯ್ತ್ ನಿಂಗೆ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವನೂ ಫೋನ್ ಮಾಡಬಹುದಿತ್ತಲ್ಲ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಪಾಲಿನ ಮಾತು ಇಲ್ಲದಿದ್ದರೆ ನನ್ನ ತಪ್ಪು ಇಂಗ್ಲಿಷನ್ನು ಅವನು ನಕ್ಕು ಬಿಡುತ್ತಿದ್ದನೋ ಏನೋ.

ಮರುವರ್ಷ ಅಮ್ಮ ಹಾಸಿಗೆ ಹಿಡಿದಳು. ಹೆಂಡತಿಗೂ ನನಗೂ ರಾತ್ರಿ ನಿದ್ದೆಯಿಲ್ಲದೆ ಸಾಕಾಗಿತ್ತು. ಈ ಸಲ ಎರಡೆರಡು ಸಲ ಓದಿ, ಮಗಳಿಗೆ ತೋರಿಸಿ, ಗುಂಪಿನಲ್ಲಿ ಹಾಕಿದೆ: ‘ಸಮ್‌ಒನ್ ಶುಡ್ ಕಮ್ ಆ್ಯಂಡ್ ಸ್ಟೇ ಫಾರ್ ಎ ವೀಕ್.’ ವ್ಯಾಕರಣದಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ. ಹದಿನಾಲ್ಕು ಜನ ಕೈ ಮುಗಿಯುವ ಚಿತ್ರ ಹಾಕಿದರು. ‘ಯೆಸ್, ಸಮ್‌ಒನ್ ಶುಡ್’ ಎಂದು ದುಬೈಯಿಂದ ಉತ್ತರವೂ ಬಂತು. ಯಾರೂ ಬರಲಿಲ್ಲ. ಇಂಗ್ಲಿಷನ್ನು ಮಾತ್ರ ದೂರಿ ಫಲವಿಲ್ಲ, ‘ಯಾರಾದರೂ ಬರಬೇಕು’ ಎಂದು ಕನ್ನಡದಲ್ಲಿ ಹಾಕಿದ್ದರೂ ಇಷ್ಟೇ ಆಗುತ್ತಿತ್ತು. ಬೇಕು ಎಂಬುದು ಯಾರ ಹೆಗಲ ಮೇಲೆ ಎಂದು ‘ಯಾರಾದರೂ’ ಹೇಳುವುದೇ ಇಲ್ಲ.

ನಾಲ್ಕನೆಯ ದಿನ ಅಣ್ಣನಿಗೆ ಫೋನ್ ಮಾಡಿದೆ. “ನೀ ಬಾ” ಎಂದೆ, ಅಷ್ಟೇ.

ಮೂರನೆಯ ದಿನ ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಬೆಲ್ ಆಯಿತು. ನಾನು ಅಡುಗೆಮನೆಯಲ್ಲಿ ಗಂಜಿ ಆರಿಸುತ್ತಿದ್ದೆ. ಅಮ್ಮನಿಗೆ ಆ ದಿನಗಳಲ್ಲಿ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ, ಕಿವಿ ಮಾತ್ರ ಚುರುಕು. ಮಲಗಿದಲ್ಲಿಂದಲೇ ಕೂಗಿದಳು: “ಯಾರೋ ಬಂದಿರ್ಬೇಕ್, ಕಾಣ್.”